ಶಿರಾ ಗೇಟಿನ ಟಿಕೆಟ್ ಮೇಡಂ

ಜೆರಾಕ್ಸ್ ಯಂತ್ರದ ಪಕ್ಕ ಒಂದು ಮೇಜು, ಒಂದು ಕಂಪ್ಯೂಟರ್. ತುಮಕೂರಿನ ಶಿರಾ ಗೇಟಿನಲ್ಲಿ ಟಿಕೆಟ್ ಮೇಡಂ ಅವರ ಅಂಗಡಿ ಅಷ್ಟೇ. ಎಲ್ಲಿಗೆ, ಯಾವತ್ತು ಎಂದು ಕೇಳುವ ಮೊದಲೇ ಕನ್ನಡಕವನ್ನು ಹಣೆಗೇರಿಸಿ, "ಹೋಗೋರು ಯಾರು?" ಎನ್ನುತ್ತಿದ್ದರು.

ದೆಹಲಿಯಲ್ಲಿ ಅವ್ವನ ತಂಗಿ, ನನ್ನ ಚಿಕ್ಕಮ್ಮ, ಆಸ್ಪತ್ರೆ ಸೇರಿದ್ದರು. ನಾನು ಬೆಳಿಗ್ಗೆಯೇ ಅವ್ವನನ್ನು ಕರೆದುಕೊಂಡು ನಮ್ಮೂರು ಸಿ.ಎಸ್. ಪುರದಿಂದ ಬಂದೆ. ಬಸ್ಸಿನಲ್ಲೇ ಫೋನಿನ ಎಐಯನ್ನು ಕೇಳಿ, ಎಲ್ಲಕ್ಕಿಂತ ಅಗ್ಗದ ವಿಮಾನ ಹುಡುಕಿಟ್ಟಿದ್ದೆ. ಮುಂಬೈಯಲ್ಲಿ ವಿಮಾನ ಬದಲಿಸಬೇಕು, ತಲುಪುವುದು ಮರುದಿನ.

"ಇದನ್ನೇ ಬುಕ್ ಮಾಡಿ ಮೇಡಂ."

"ಹೋಗೋರು ಯಾರು?"

"ನಮ್ಮವ್ವ. ಒಬ್ರೇ."

ಅವರು ಅವ್ವನ ಕಡೆ ತಿರುಗಿದರು. "ಅಮ್ಮ, ಓದೋಕ್ ಬರುತ್ತಾ? ನಡೆಯೋಕ್ ಕಷ್ಟ ಆಗುತ್ತಾ?"

"ಓದಾಕೆ ಬರಕಿಲ್ಲ ಕಣವ್ವ. ಮಂಡಿ ಒಸಿ ಹಿಡ್ಕತದೆ."

ನನ್ನ ಫೋನ್ ತೆಗೆದುಕೊಂಡು, ಅವ್ವ ಹೇಳಿದ್ದನ್ನೆಲ್ಲ ಬರೆದು ಎಐಯನ್ನು ಮತ್ತೆ ಕೇಳಿದರು. ಈ ಸಲ ನೇರ ವಿಮಾನವೇ ಮೊದಲು ಬಂತು. ಗಾಲಿಕುರ್ಚಿಗೆ ಮುಂಚೆಯೇ ಹೇಳಿಡಿ ಎಂಬ ಸಲಹೆಯೂ ಇತ್ತು. ದರ ಜಾಸ್ತಿ. ನನ್ನ ಮುಖ ಸಣ್ಣದಾಯಿತು.

"ನೀವು ಬರೀ ರೇಟ್ ಕೇಳಿದ್ರಿ ಸಾರ್, ಅದೂ ಬರೀ ರೇಟ್ ಹೇಳ್ತು," ಎಂದರು. ನೇರ ವಿಮಾನವನ್ನೇ ಬುಕ್ ಮಾಡಿ ಎಂದೆ.

ಅವ್ವ ಆ ಸಂಜೆಯೇ ದೆಹಲಿ ತಲುಪಿದಳು. ಅಕ್ಕ ತಂಗಿ ಅರ್ಧ ಗಂಟೆ ಮಾತಾಡಿದರು. ಬೆಳಗಾಗುವಷ್ಟರಲ್ಲಿ ಚಿಕ್ಕಮ್ಮನಿಗೆ ಪ್ರಜ್ಞೆ ತಪ್ಪಿತ್ತು, ಮತ್ತೆ ಬರಲಿಲ್ಲ.

ತಂಗಿ ಏನು ಹೇಳಿದಳೆಂದು ಅವ್ವ ಮನೆಯಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ. ತಿಂಗಳ ಮೇಲೆ ನನ್ನೊಡನೆ ತುಮಕೂರಿಗೆ ಬಂದವಳು, ಆ ಮೇಜಿನ ಮುಂದೆ ಕೂತು ಅದನ್ನು ಮೇಡಂಗೆ ಹೇಳಿದಳು. ಅವರು ಕಂಪ್ಯೂಟರ್ ಆರಿಸಿ ಕೇಳಿಸಿಕೊಂಡರು. ನಾನು ಹೊರಗೆ ನಿಂತಿದ್ದೆ.