ಹತ್ತ್ಯದೋ, ಶಾಂತ ಅದೋ

ವಾಮನಾಚಾರ್ಯರು ಯಾವ ಪ್ರಿಂಟರಿನ ಸ್ಕ್ರೂ ಬಿಚ್ಚುವ ಮೊದಲೂ ಅದರ ಬೆನ್ನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಹಣೆಗೆ ಅಂಗಾರ ಅಕ್ಷತೆ, ಕಚ್ಚೆ ಧೋತರ, ತುಂಬುತೋಳಿನ ಬಿಳಿ ಅಂಗಿ, ಹೆಗಲಿಗೊಂದು ಬಟ್ಟೆಯ ಚೀಲ. ಮೊದಲ ಸಲ ನೋಡಿದವರು ಈ ಮನುಷ್ಯ ಯಂತ್ರಕ್ಕೆ ಮಂತ್ರ ಹಾಕುತ್ತಿದ್ದಾನೆ ಅಂದುಕೊಳ್ಳುವುದು ಸಹಜ. ನಾನೂ ಹಾಗೇ ಅಂದುಕೊಂಡು ನಕ್ಕುಬಿಟ್ಟೆ. ಅವರು ಕಣ್ಣು ತೆರೆಯದೆ ಹೇಳಿದರು, "ನಗು ತಂಗಿ, ನಗು. ಒಳಗ ಬೆಲ್ಟ್ ಸಡ್ಲಾಗ್ಯದ. ನೀ ನಗೂದು ಮುಗಿಸಿದ ಮ್ಯಾಲ ತಗದು ತೋರಸ್ತೀನಿ." ತೆಗೆದು ತೋರಿಸಿದರು. ಬೆಲ್ಟು ಸಡಿಲಾಗಿತ್ತು.

ಅವರು ಶಹಾಬಾದಿನವರು. ಅಣ್ಣ ಗುಡಿಯ ಪೂಜೆ ನೋಡಿಕೊಳ್ಳುತ್ತಿದ್ದರು. ಇವರಿಗೆ ಸಣ್ಣಂದಿನಿಂದ ಟೈಪ್‌ರೈಟರಿನ ಹುಚ್ಚು. ಕೋರ್ಟು, ಕಚೇರಿ, ಟೈಪಿಂಗ್ ಕ್ಲಾಸುಗಳ ಟೈಪ್‌ರೈಟರುಗಳನ್ನೆಲ್ಲ ಇವರೇ ರಿಪೇರಿ ಮಾಡುತ್ತಿದ್ದರು. ಕಂಪ್ಯೂಟರು ಬಂದು ಟೈಪ್‌ರೈಟರುಗಳು ಅಟ್ಟ ಸೇರಿದಾಗ ಇವರು ಗೋಳಾಡಲಿಲ್ಲ. "ಅಕ್ಷರ ಬಡಿಯೋದು ಅದೂ, ಅಕ್ಷರ ಬಡಿಯೋದು ಇದೂ. ನಡುವ ಮನಷ್ಯಾರ ಬೆರಳು ಹೋಯ್ತು, ಅಷ್ಟ" ಎಂದು ಪ್ರಿಂಟರುಗಳಿಗೆ ಕೈ ಹಾಕಿದರು. ಶಹಾಬಾದಿನಿಂದ ವಾಡಿಗೆ ಬಂದು, ಅಲ್ಲಿ ಗಾಡಿ ಬದಲಿಸಿ, ಚಿತ್ತಾಪುರ, ಸೇಡಂ ಅಂತ ಇಳಿದು ಹತ್ತಿ ತಿರುಗುತ್ತಿದ್ದರು. ಚಿಂಚೋಳಿಗೂ ಕಾಳಗಿಗೂ ಬಸ್ಸು.

ಚೀಲದಲ್ಲಿ ಹಳೆಯ ರೇಷ್ಮೆ ಮಡಿಯ ತುಂಡಿನಲ್ಲಿ ಸುತ್ತಿದ ಸ್ಕ್ರೂಡ್ರೈವರುಗಳು, ಬಣ್ಣ ಬಳಿಯುವ ಒಂದು ಬ್ರಷ್ಷು, ಮನೆಯ ನೀರು ತುಂಬಿದ ಸ್ಟೀಲಿನ ಬಾಟಲಿ, ಹಚ್ಚಿದ ಅವಲಕ್ಕಿ. ಹೊರಗೆ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಆದರೆ ಊರೂರಿನ ಧೂಳನ್ನೆಲ್ಲ ಬರಿಗೈಯಿಂದ ತೆಗೆಯುತ್ತಿದ್ದರು, ತೆಗೆದು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. "ಇದು ನಮ್ಮೂರ ಫರಸಿ ಕಲ್ಲಿನ ಧೂಳಲ್ಲ, ನಿಮ್ಮ ಸೇಡಂದ್ದು. ಇದರಾಗ ತೊಗರಿ ಹೊಟ್ಟದ" ಎನ್ನುವರು. ನಮ್ಮ ಕಾಲೇಜಿನ ಹಿಂದೆಯೇ ದಾಲ್ ಮಿಲ್ ಇತ್ತು.

ಇನ್ನು ನಾನು. ಕುರಕುಂಟಾದ ಒಕ್ಕಲುತನದ ಮನೆಯವಳು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸೇಡಂನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದ್ದೆ. ಕೆಲಸ ತಾತ್ಕಾಲಿಕ, ಸಿಟ್ಟು ಮಾತ್ರ ಕಾಯಂ. ಕಾಲೇಜಿನಲ್ಲಿದ್ದ ಕಂಪ್ಯೂಟರು ಕಪ್ಪು ಪರದೆಯ ಮುದುಕ. ಹೊಸದೊಂದು ಬೇಕೆಂದು ಪ್ರಿನ್ಸಿಪಾಲರ ಹಿಂದೆ ಬಿದ್ದು, ಜಗಳವಾಡಿ ತರಿಸಿದೆ. ಹಳೆಯದನ್ನು ಬಿಡುವ ಹಾಗಿರಲಿಲ್ಲ. ವಿದ್ಯಾರ್ಥಿಗಳ ವಿವರವೆಲ್ಲ ಅದರ ಹೊಟ್ಟೆಯಲ್ಲಿತ್ತು, ಅದರ ಫ್ಲಾಪಿ ಹಾಕುವ ಬಾಯಿ ಕೆಟ್ಟಿದ್ದರಿಂದ ಹೊಸದಕ್ಕೆ ಸಾಗಿಸುವುದೂ ಆಗುತ್ತಿರಲಿಲ್ಲ. ಪ್ರಿಂಟರು ಒಂದೇ. ಹಾಗಾಗಿ ಎರಡರ ನಡುವೆ ಊಟದ ಡಬ್ಬಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಯೊಂದನ್ನು ಇಟ್ಟಿದ್ದೆವು. ಅದರ ಮುಂದೊಂದು ಗುಂಡಿ. ಎಡಕ್ಕೆ ತಿರುಗಿಸಿದರೆ ಪ್ರಿಂಟರು ಹಳೆಯ ಕಂಪ್ಯೂಟರಿನ ಮಾತು ಕೇಳುತ್ತಿತ್ತು, ಬಲಕ್ಕೆ ತಿರುಗಿಸಿದರೆ ಹೊಸದರದು.

ಪರೀಕ್ಷೆಗೆ ಕೂರುವ ಹುಡುಗರ ಪಟ್ಟಿ ಗುಲ್ಬರ್ಗಾದ ಕಚೇರಿಗೆ ಮುಟ್ಟಿಸಬೇಕಾಗಿದ್ದ ದಿನದ ಹಿಂದಿನ ದಿನ. ಹೊಸ ಕಂಪ್ಯೂಟರಿನಿಂದ ಒಂದು ನೋಟಿಸು ಅಚ್ಚಾಗುತ್ತಿತ್ತು. ಅದು ಮುಗಿಯುವವರೆಗೆ ಕಾಯುವ ಸೈರಣೆ ನನಗೆಲ್ಲಿಯದು? ನಡುವೆಯೇ ಗುಂಡಿ ತಿರುಗಿಸಿ ಹಳೆಯದರಿಂದ ಪಟ್ಟಿ ಬಿಟ್ಟೆ. ಹುಡುಗರ ಹೆಸರು ಇರಬೇಕಾದ ಜಾಗದಲ್ಲಿ ನಗುವ ಮುಖಗಳೂ ಇಸ್ಪೀಟಿನ ಆಟಿನ, ಕಳಾವರ ಗುರುತುಗಳೂ ಸಾಲುಸಾಲಾಗಿ ಬಂದವು. ಎಷ್ಟು ಸಲ ಬಿಟ್ಟರೂ ಅದೇ. ಪ್ರಿನ್ಸಿಪಾಲರು ಹಾಳೆಯನ್ನು ಎತ್ತಿ ಹಿಡಿದು ನೋಡಿ, "ಹೊಸಾದು ಬ್ಯಾಡ ಅಂದಿದ್ದೆ. ನೀನ ಹಟ ಹಿಡದು ತರಿಸಿದಿ. ನಾಳಿ ಮಧ್ಯಾಹ್ನದ ಬಸ್ಸಿಗೆ ಪಟ್ಟಿ ಹೋಗಲಿಲ್ಲಂದ್ರ ನೀ ನಾಡದು ಕಾಲೇಜಿಗಿ ಬರೂದು ಬ್ಯಾಡ" ಎಂದರು. ಸುಮ್ಮನೆ ಅನ್ನುವ ಜನ ಅಲ್ಲ ಅವರು. ನನಗೆ ಅಳು ಬಂತು. ಅಳುವುದಕ್ಕಿಂತ ಫೋನು ಮಾಡುವುದು ಒಳ್ಳೆಯದೆಂದು ಶಹಾಬಾದಿಗೆ ಫೋನು ಮಾಡಿದೆ.

ಆಚಾರ್ಯರು ಪೂರಾ ಕೇಳಿಸಿಕೊಂಡರು. "ಏನಿಲ್ಲ ತಂಗಿ, ಅರ್ಧಾ ಮಾತು ಅದರ ತಲ್ಯಾಗ ಉಳದದ. ಪ್ರಿಂಟರಿನ ದೀಪ ಬಂದ್ ಇದ್ದಾಗ ಗುಂಡಿ ತಿರುವಬೇಕು. ಆಮ್ಯಾಲ ಚಾಲೂ ಮಾಡಿ ಪಟ್ಟಿ ಬಿಡಬೇಕು. ಇಷ್ಟ. ನಾ ಒಂದೊಂದ ಕೇಳ್ತೀನಿ, ನೀ ನೋಡಿ ಹೇಳು. ಈಗ ದೀಪ ಹ್ಯಾಂಗದ?"

ದೀಪ ಉರಿಯುತ್ತಿತ್ತು. "ಬಂದದ್ರೀ" ಎಂದೆ.

"ಛಲೋ ಆತು. ಗುಂಡಿ ತಿರುವು."

ತಿರುಗಿಸಿದೆ.

"ಈಗ ಸ್ವಿಚ್ ಒತ್ತು. ದೀಪ ಹ್ಯಾಂಗದ?"

ಒತ್ತಿದೆ, ದೀಪ ಹೋಯಿತು. "ಬಂದ್ ಅದ್ರೀ."

"ಭಾಳ ಛಲೋ. ಇನ್ನ ಪಟ್ಟಿ ಬಿಡು."

ದೀಪ ಇಲ್ಲದ ಪ್ರಿಂಟರಿಗೆ ಪಟ್ಟಿ ಬಿಡಲು ಹೇಳುತ್ತಿದ್ದಾರಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಬಲ್ಲವರು, ಅವರ ಲೆಕ್ಕ ಅವರಿಗೇ ಗೊತ್ತಿರುತ್ತದೆ ಎಂದು ಬಿಟ್ಟೆ. ಏನೂ ಬರಲಿಲ್ಲ. ಮೊದಲಿಂದ ಮಾಡಿಸಿದರು. ಮೂರು ಸಲ, ನಾಲ್ಕು ಸಲ ಮಾಡಿಸಿದರು. ಅವರ ದನಿಯಲ್ಲಿ ಸಹನೆ ಹೆಚ್ಚುತ್ತ ಹೋಯಿತು, ನನ್ನದರಲ್ಲಿ ಕಡಿಮೆಯಾಗುತ್ತ ಹೋಯಿತು. ಕೊನೆಗೆ ಅವರು, "ನಾಳಿ ಮುಂಜಾನಿ ಗಾಡಿಗಿ ಬರ್ತೀನಿ. ಯಾವುದೂ ಮುಟ್ಟಬ್ಯಾಡ" ಎಂದು ಫೋನು ಇಟ್ಟರು.

ಬೆಳಿಗ್ಗೆ ಬಂದವರೇ ಪ್ರಿಂಟರಿನ ಮೇಲೆ ಅಂಗೈ ಇಟ್ಟರು. ಕುರ್ಚಿ ಎಳೆದುಕೊಂಡು ಕೂತು, "ನಿನ್ನಿ ಮಾಡಿದ್ದೆಲ್ಲಾ ಮಾಡಿ ತೋರಸು. ಬಾಯಿಲೆ ಹೇಳ್ಕೋತ ಮಾಡು" ಎಂದರು. ನಾನು ಉರಿಯುವ ದೀಪಕ್ಕೆ ಬೆರಳು ತೋರಿಸಿ "ಬಂದದ್ರೀ" ಎಂದೆ. ಅವರು ದೀಪ ನೋಡಿದರು, ನನ್ನನ್ನು ನೋಡಿದರು. "ಇನ್ನೊಮ್ಮೆ ಅನ್ನು" ಎಂದರು. "ಬಂದದ್ರೀ." ಸ್ವಿಚ್ ಒತ್ತಿ ದೀಪ ತೆಗೆದೆ. "ಬಂದ್ ಅದ್ರೀ." ಅವರ ಹೊಟ್ಟೆ ಕುಲುಕತೊಡಗಿತು. ಅಂಗಾರದ ಗೆರೆ ಸೊಟ್ಟಗಾಗುವಷ್ಟು ನಕ್ಕರು.

"ನೀ ಬಂದದ ಅಂದ್ರ ನಾ ಬಂದ್ ಅದ ಅಂತ ತಿಳಕೊಂಡೆ. ಬಂದ್ ಅದ ಅಂದ್ರ ಬಂದದ ಅಂತ ತಿಳಕೊಂಡೆ. ನಿನ್ನಿ ಪೂರಾ ನಾವಿಬ್ಬರೂ ಉಲ್ಟಾ ನಡದೀವಿ ನೋಡು."

ಆಗ ನನಗೆ ತಿಳಿಯಿತು. ನಮ್ಮ ಮಾತಿನಲ್ಲಿ ಬಂದಿದ್ದೂ ಮುಚ್ಚಿದ್ದೂ ಕಿವಿಗೆ ಒಂದೇ. ಎದುರಿಗಿದ್ದರೆ ಕಣ್ಣು ನೋಡಿ ತಿದ್ದಿಕೊಳ್ಳುತ್ತೇವೆ, ಫೋನಿನಲ್ಲಿ ತಿದ್ದುವವರು ಯಾರು? ದೀಪ ಉರಿಯುವಾಗಲೇ ನಾನು ಪ್ರತಿ ಸಲವೂ ಗುಂಡಿ ತಿರುಗಿಸಿದ್ದೆ, ಸತ್ತ ಪ್ರಿಂಟರಿಗೆ ಪ್ರತಿ ಸಲವೂ ಪಟ್ಟಿ ಬಿಟ್ಟಿದ್ದೆ. ಈಗ ದೀಪ ತೆಗೆದು, ಗುಂಡಿ ತಿರುಗಿಸಿ, ದೀಪ ಹಚ್ಚಿ ಬಿಟ್ಟೆವು. ಹೆಸರುಗಳು ಒಂದೊಂದಾಗಿ, ಒಂದಕ್ಷರವೂ ತಪ್ಪದೆ ಬಂದವು.

ಪಟ್ಟಿ ಅರ್ಧ ಬಂದಾಗ ಪ್ರಿನ್ಸಿಪಾಲರು ಒಳಗೆ ಬಂದರು. "ಯಾರ ತಪ್ಪಿತ್ರಿ ಆಚಾರ್ರೇ?" ಎಂದು ಕೇಳಿದರು, ನನ್ನ ಕಡೆ ನೋಡುತ್ತ. ತಪ್ಪು ನನ್ನದೇ. ಅವಸರದಲ್ಲಿ ಗುಂಡಿ ತಿರುಗಿಸಿದವಳು ನಾನು, ಅದು ಆಚಾರ್ಯರಿಗೆ ಮೊದಲ ಮಾತಿಗೇ ಗೊತ್ತಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹೇಳಿದರು, "ತಪ್ಪು ನನ್ನ ಕಿವೀದು ಸರ್. ಹುಡುಗಿ ಬರೋಬ್ಬರಿ ಹೇಳಿದ್ಲು, ನಾ ಉಲ್ಟಾ ಕೇಳಿದೆ." ಮಧ್ಯಾಹ್ನದ ಬಸ್ಸಿಗೆ ಪಟ್ಟಿ ಹೋಯಿತು, ಮರುದಿನ ನಾನು ಕಾಲೇಜಿಗೆ ಬಂದೆ. ಆಚಾರ್ಯರು ನನ್ನ ಮುಲಾಜಿಗೆ ಸುಳ್ಳು ಹೇಳಿದರು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ಅಂದೇ ಒಂದು ಕಾಯಿದೆಯಾಯಿತು. ದೀಪದ ವಿಷಯದಲ್ಲಿ ಯಾರೂ 'ಬಂದ' ಅನ್ನುವ ಮಾತೇ ಎತ್ತಬಾರದು. ಉರಿಯುತ್ತಿದ್ದರೆ 'ಹತ್ತ್ಯದ' ಅನ್ನಬೇಕು. "ಇಲ್ಲಂದ್ರ ಆರ್ಯದ ಅನ್ಲೇನ್ರಿ?" ಎಂದು ಕೇಳಿದೆ. ಆಚಾರ್ಯರು ಎರಡೂ ಕೈ ಎತ್ತಿ ತಡೆದರು. "ದೀಪಕ್ಕ ಆ ಮಾತು ಅನಬಾರದು ತಂಗಿ. ನಮ್ಮ ಮನ್ಯಾಗ ದೀಪ ಶಾಂತ ಆಯ್ತು ಅಂತೀವಿ." ಇದು ದೇವರ ದೀಪವಲ್ಲ, ಪ್ರಿಂಟರಿನ ದೀಪ ಎಂದು ವಾದ ಮಾಡಿದೆ. "ದೀಪ ದೀಪಾನ" ಎಂದರು. ಹೀಗೆ ನಮ್ಮ ಕಾಲೇಜಿನ ಪ್ರಿಂಟರು ಒಂದೋ ಹತ್ತುತ್ತಿತ್ತು, ಇಲ್ಲವೇ ಶಾಂತವಾಗುತ್ತಿತ್ತು. ಪೆಟ್ಟಿಗೆಯ ಗುಂಡಿಯ ಎಡಕ್ಕೆ 'ಹಿರಿಯರು', ಬಲಕ್ಕೆ 'ಕಿರಿಯರು' ಎಂದು ಚೀಟಿ ಅಂಟಿಸಿದರು. ಒಬ್ಬರ ಮಾತು ಮುಗಿಯದೆ ಇನ್ನೊಬ್ಬರಿಗೆ ಕೊಡಬಾರದು. ಯಾರಾದರೂ ಅವಸರ ಮಾಡಿದರೆ "ತಡೀರಿ, ಹಿರಿಯರು ಮಾತಾಡ್ಲಿಕತ್ತಾರ" ಎಂದು ನಾನೇ ಗದರುತ್ತಿದ್ದೆ. ಒಂದು ದಿನ ಸ್ವತಃ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು, "ಕರೆಂಟ್ ಹತ್ತ್ಯದೋ, ಶಾಂತ ಅದೋ?" ಎಂದು ಕೇಳಿದರು. ನಗು ತಡೆಯಲಾರದೆ ನಾನು ಮೇಜಿನ ಕೆಳಗೆ ಬಗ್ಗಿ ವೈರು ಹುಡುಕಿದೆ.

ಆಮೇಲೆ ಬಂದಾಗಲೆಲ್ಲ ಆಚಾರ್ಯರು ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟು, ತಮ್ಮ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ನಾನು ತಪ್ಪು ಸ್ಕ್ರೂಗೆ ಕೈ ಹಾಕಿದರೂ ಬಾಯಿ ಬಿಡುತ್ತಿರಲಿಲ್ಲ. ಗಂಟಲು ಮಾತ್ರ ಸರಿಮಾಡಿಕೊಳ್ಳುತ್ತಿದ್ದರು. "ನಾ ಸೇಡಂಕ ಬರೂದು ತಪ್ಪಬೇಕು, ಹಾಂಗ ಕಲಿ" ಎನ್ನುತ್ತಿದ್ದರು. ಕಲಿತೆ. ಫೋನಿನಲ್ಲೇ ಮುಗಿಯತೊಡಗಿತು. ರಿಪೇರಿಯಾದ ಮೇಲೆ ನಾನು ರಿಸೀವರನ್ನು ಪ್ರಿಂಟರಿನ ಬಾಯಿಗೆ ಹಿಡಿಯಬೇಕು. ಅದು ಕಟಕಟ ಅಂತ ಅಚ್ಚು ಹಾಕುವ ಸದ್ದು ಕೇಳಿ ಅತ್ತ ಕಡೆಯಿಂದ ಒಂದು "ಹೂಂ" ಬರುತ್ತಿತ್ತು, ಫೋನು ಕಟ್ಟಾಗುತ್ತಿತ್ತು. ಆ ಹೂಂ ಕೇಳಿದ ದಿನ ನನಗೆ ಊಟ ಹೆಚ್ಚು ಸೇರುತ್ತಿತ್ತು.

ವರ್ಷಗಳು ಹೋದವು. ಹೊಸ ಪ್ರಿಂಟರು ಬಂತು, ಕಬ್ಬಿಣದ ಪೆಟ್ಟಿಗೆ ಕಪಾಟು ಸೇರಿತು. ಚಿಂಚೋಳಿ, ಚಿತ್ತಾಪುರದ ಶಾಲೆಗಳವರು ನನಗೇ ಫೋನು ಮಾಡಿ ಕೇಳುವಂತಾಯಿತು. ನಾನು ಮಾತ್ರ ಅದೇ ತಾತ್ಕಾಲಿಕ ಆಪರೇಟರು. ಪ್ರತಿ ಬೇಸಿಗೆಯಲ್ಲೂ ಮುಂದಿನ ವರ್ಷ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಕಾಯುವುದು ತಪ್ಪಿರಲಿಲ್ಲ. ಆಚಾರ್ಯರು ಫೋನಿನಲ್ಲಿ ಪ್ರತಿ ಸಲ ಮೊದಲು ಕೇಳುತ್ತಿದ್ದುದೂ ಅದನ್ನೇ, "ನಿನ್ನ ಕಾಯಂ ಆರ್ಡರ್ ಏನಾಯ್ತು?" ಆಮೇಲೆ ಅವರು ತಿರುಗಾಟ ನಿಲ್ಲಿಸಿದರು, ಫೋನಿಗೂ ಬರುವುದನ್ನು ಬಿಟ್ಟರು.

ಕೊನೆಗೂ ಆರ್ಡರು ಕೈಗೆ ಸಿಕ್ಕ ವಾರ ನಾನು ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋದೆ. ನಾನು ಅವರನ್ನು ನೋಡಿದ್ದು ಅದೇ ಕೊನೆ. ಬಾಗಿಲು ತೆರೆದ ಅವರ ಹೆಂಡತಿ, "ಕಿವಿ ಪೂರಾ ಹೋಗ್ಯಾವ, ಜರಾ ಜೋರಾಗಿ ಮಾತಾಡವ್ವ" ಎಂದರು. ಯಾವಾಗಿನಿಂದ ಎಂದು ಕೇಳಿದೆ. "ಮದಲಿಂದ ಮಂದಾನ ಇದ್ವಲ್ಲ. ಅದಕ್ಕ ಪ್ರತಿಯೊಂದಕ್ಕೂ ಅಂಗೈ ಇಟ್ಟು ನೋಡ್ತಿದ್ರು" ಎಂದರು. ಚಪ್ಪಲಿ ಬಿಡುತ್ತಿದ್ದಾಗ ನನಗೆ ಹೊಳೆಯಿತು. ಅವತ್ತು ಪ್ರಿನ್ಸಿಪಾಲರಿಗೆ ಅವರು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಯಾರಿಗೂ ತಿಳಿಯಗೊಡದೆ ಮುಚ್ಚಿಟ್ಟುಕೊಂಡಿದ್ದ ಮಾತನ್ನು ನನ್ನ ಕೆಲಸ ಉಳಿಸಲು ಬಾಯಿಬಿಟ್ಟು ಹೇಳಿದ್ದರು.

ಆಚಾರ್ಯರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಗುರುತು ಹಿಡಿದು ನಕ್ಕರು. ನಾನು ಅವರ ಕಿವಿಯ ಹತ್ತಿರ ಬಗ್ಗಿ, ಖುಷಿಯಲ್ಲಿ ಎಲ್ಲ ಮರೆತು, "ನನ್ನ ಆರ್ಡರ್ ಬಂದದ್ರೀ" ಎಂದೆ.

ಅವರ ಮುಖ ಇಳಿಯಿತು. "ಬಂದ್ ಅದ? ಯಾಕ ಬಂದ್ ಮಾಡ್ಯಾರ?" ಎಂದವರೇ ಕಂಬ ಹಿಡಿದು ಏಳಹೊರಟರು. ಗೂಟದಲ್ಲಿ ತೂಗುಹಾಕಿದ್ದ ಚೀಲಕ್ಕೆ ಕೈ ಚಾಚಿ, "ತಡಿ ತಂಗಿ, ನಾ ಸೇಡಂಕ ಬರ್ತೀನಿ. ಪ್ರಿನ್ಸಿಪಾಲರಿಗಿ ಹೇಳ್ತೀನಿ, ನಿಂದೇನೂ ತಪ್ಪಿಲ್ಲಂತ" ಎಂದರು.

ನನ್ನ ಕಣ್ಣು ತುಂಬಿದವು. ಅವರ ಕೈ ಹಿಡಿದು ಕೂರಿಸಿದೆ. ಆರ್ಡರಿನ ಕಾಗದ ಬಿಚ್ಚಿ ಅವರ ತೊಡೆಯ ಮೇಲಿಟ್ಟು, ತುಟಿ ಕಾಣುವ ಹಾಗೆ ಎದುರಿಗೆ ಕೂತು ಹೇಳಿದೆ, "ಹತ್ತ್ಯದ್ರೀ ಆಚಾರ್ರೇ. ಹತ್ತ್ಯದ."

ಅವರು ನನ್ನ ಮುಖ ನೋಡಿದರು. ಕಾಗದವನ್ನು ಓದಲಿಲ್ಲ. ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ "ಹೂಂ" ಎಂದರು.