ಕಿತ್ತಳೆ ಜಾಕೆಟ್ಟಿನೊಳಗಿನ ಹಾಸಿಗೆ

ಸ್ಪಂಜು ನೀರು ಕುಡಿಯುತ್ತದೆ. ಇದನ್ನು ತಿಳಿಯಲು ಶಾಲೆಗೆ ಹೋಗಬೇಕಿಲ್ಲ, ಒಂದು ದಿನ ಪಾತ್ರೆ ತೊಳೆದಿದ್ದರೆ ಸಾಕು. ಆದರೂ ರಜೆಗೆಂದು ದ್ವೀಪಕ್ಕೆ ಬಂದವರು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನ ಒಳಗೇನಿದೆ ಎಂದು ಒಮ್ಮೆಯೂ ಕೇಳುವುದಿಲ್ಲ. ತೊಟ್ಟುಕೊಂಡು, ಹಲ್ಲು ಕಿರಿದು ಫೋಟೊ ತೆಗೆಸಿಕೊಂಡು, ಸಮುದ್ರಕ್ಕೆ ಇಳಿದುಬಿಡುತ್ತಾರೆ.

ಆ ಜಾಕೆಟ್ಟುಗಳನ್ನು ಹೊಲಿಯುತ್ತಿದ್ದವಳನ್ನು ದಡದವರೆಲ್ಲ ಸೂಜಿಯಕ್ಕ ಎನ್ನುತ್ತಿದ್ದರು. ದೋಣಿಕಟ್ಟೆಯ ಹಿಂದೆ ತಗಡಿನ ಮಾಡಿನ ಒಂದೇ ಕೋಣೆ, ಬಾಗಿಲ ಬೆಳಕಿಗೆ ಮುಖಮಾಡಿದ ಹೊಲಿಗೆ ಮಿಷನ್ನು. ಉಪ್ಪುಗಾಳಿಗೆ ಅದರ ಚಕ್ರ ದಿನಾ ಎಣ್ಣೆ ಕೇಳುತ್ತಿತ್ತು. ಗಂಡ ಹೋದ ಮೇಲೆ ಹರಿದ ಛತ್ರಿ, ದೋಣಿಯ ಮೇಲ್ಹೊದಿಕೆ, ಕಿತ್ತುಹೋದ ಪಟ್ಟಿ ಅಂತ ಸಿಕ್ಕಿದ್ದನ್ನೆಲ್ಲ ಹೊಲಿದೇ ಬದುಕು ಕಟ್ಟಿಕೊಂಡವಳು. ಅವಳ ಹೊಲಿಗೆ ಬಿಚ್ಚಿಕೊಂಡಿತು ಅಂತ ಯಾರೂ ಅಂದದ್ದಿಲ್ಲ.

ಅವಳ ಮೈದುನ ಅದೇ ದಡದಲ್ಲಿ ಸ್ಪೀಡ್‌ಬೋಟ್ ಓಡಿಸುತ್ತಿದ್ದ. ಉದ್ದನೆಯ ರಬ್ಬರ್ ಬೋಟಿನ ಮೇಲೆ ಪ್ರವಾಸಿಗರನ್ನು ಸಾಲಾಗಿ ಕೂರಿಸಿ, ಹಗ್ಗ ಕಟ್ಟಿ ಎಳೆದೊಯ್ದು, ಕೊನೆಗೆ ಗಕ್ಕನೆ ತಿರುವು ಕೊಟ್ಟು ಎಲ್ಲರನ್ನೂ ನೀರಿಗೆ ಕೆಡವಬೇಕು. ಆ ಆಟದ ಮಜಾ ಇರುವುದೇ ಅಲ್ಲಿ.

ಆ ವರ್ಷ ಪ್ರವಾಸಿಗರ ಕಾಲ ಶುರುವಾಗುವ ಹೊತ್ತಿಗೆ ದೋಣಿಗಳ ಧಣಿ, ಹೋಟೆಲಿನವರು ಎಸೆದ ಹಾಸಿಗೆಗಳನ್ನು ಕೈಗಾಡಿಯಲ್ಲಿ ತಂದು ಅವಳ ಬಾಗಿಲಿಗೆ ಸುರಿದ.

“ತೇಲೋ ಫೋಮು ಬರೋದು ತಡ ಆಗುತ್ತೆ ಅಕ್ಕ. ಸದ್ಯಕ್ಕೆ ಇದನ್ನೇ ಕತ್ತರಿಸಿ ತುಂಬು.”

“ಧಣಿ, ಇದು ಮಲಗೋ ಸ್ಪಂಜು. ನೀರಿಗೆ ಬಿದ್ರೆ...”

“ಬಿದ್ದ ಕೂಡಲೇ ಎತ್ತೋಕೆ ನಿನ್ನ ಮೈದುನ ಇದಾನಲ್ಲ! ಅವನ ಮೇಲೆ ನಂಬಿಕೆ ಇಲ್ವಾ ನಿನಗೆ?”

ಅವಳು “ಸರಿ” ಅಂದಳು. ಊರು ಮುಳುಗಿಸುವ ಮಾತುಗಳೆಲ್ಲ ಇಷ್ಟೇ ಉದ್ದ ಇರುತ್ತವೆ. ಮೊದಲ ಜಾಕೆಟ್ಟನ್ನು ತುಂಬಿ, ಬಿಚ್ಚಿ, ಮತ್ತೆ ತುಂಬಿದಳು. ಆಮೇಲೆ ಅಭ್ಯಾಸವಾಯಿತು. ಮನಸ್ಸಿನ ಬಾಗಿಲನ್ನು ನಾಲ್ಕು ಸಲ ಮುಚ್ಚಿದರೆ ಐದನೆಯ ಸಲ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಒಂದು ಮಧ್ಯಾಹ್ನ ಮೈದುನ ತೊಯ್ದು ತೊಪ್ಪೆಯಾಗಿ ಬಂದು ಹೊಸ್ತಿಲ ಮೇಲೆ ಕುಸಿದು ಕೂತ.

“ಅತ್ತಿಗೆ, ಒಂದು ಲೋಟ ನೀರು ಕೊಡಿ. ಇವತ್ತು ಒಬ್ಬ ಅಜ್ಜೀನ ಕೊಂದೇ ಬಿಡ್ತಿದ್ದೆ.”

“ಅಯ್ಯೋ, ಏನಾಯ್ತೋ?”

“ಬೋಟ್ ಮಗುಚಿದೆ. ಎಲ್ರೂ ಕೇಕೆ ಹಾಕ್ತಾ ಮೇಲೆ ಬಂದ್ರು, ಅಜ್ಜಿ ಮಾತ್ರ ಕೆಳಕ್ಕೆ. ಹಾರಿ ಜಾಕೆಟ್ ಹಿಡಿದೆ. ಏನ್ ಭಾರ ಅಂತೀರಿ! ನೆನೆದ ಹಾಸಿಗೆ ಎಳೆದಂಗಿತ್ತು.”

ಅವನು ತಮಾಷೆಗೆ ಅಂದದ್ದು. ಅವಳಿಗೆ ಅದು ತಮಾಷೆಯಾಗಿರಲಿಲ್ಲ. ಉಳಿದವರಿಗೆ ಈಜು ಬರುತ್ತಿತ್ತು, ಇಲ್ಲವೆ ಹಳೆಯ ಒಳ್ಳೆಯ ಜಾಕೆಟ್ಟು ಅವರ ಪಾಲಿಗೆ ಬಂದಿತ್ತು. ಅಜ್ಜಿಗೆ ಸಿಕ್ಕಿದ್ದು ಇವಳು ತುಂಬಿದ ಹಾಸಿಗೆ. “ಪಾಪ” ಅಂದಳು, ಅಷ್ಟೇ. ಮೈದುನನಿಗೂ ನಿಜ ಹೇಳಲಿಲ್ಲ.

ಸಂಜೆ ಆ ಅಜ್ಜಿಯೇ ದಾರಿ ಕೇಳಿಕೊಂಡು ಬಂದರು, ಜೊತೆಗೆ ಮೊಮ್ಮಗಳು. ಬಂದವರೇ ಸೂಜಿಯಕ್ಕನ ಎರಡೂ ಕೈ ಹಿಡಿದುಕೊಂಡರು.

“ನೀವೇ ಅಂತಲ್ಲಮ್ಮ ಜಾಕೆಟ್ ಹೊಲಿಯೋರು? ಅದಿಲ್ದಿದ್ರೆ ನನ್ನ ಕಥೆ ಇವತ್ತೇ ಮುಗೀತಿತ್ತು. ನಿಮ್ಮ ಹೊಟ್ಟೆ ತಣ್ಣಗಿರಲಿ.”

“ಗಡಗಡ ನಡುಗ್ತಿದ್ರು ಆಂಟಿ, ಈಗ ನೋಡಿ ಪೌರುಷ!” ಮೊಮ್ಮಗಳು ನಕ್ಕಳು.

“ಸುಮ್ನಿರೇ ಬಾಯಿಬಡಕಿ. ನಾಳೆ ನಿನ್ನನ್ನೂ ಕೂರಿಸ್ತೀನಿ.”

“ನಂಗೆ ಈಜು ಬರಲ್ಲ ಅಜ್ಜಿ.”

“ಇವರು ಹೊಲಿದ ಜಾಕೆಟ್ ಇದೆಯಲ್ಲೇ, ಭಯ ಏನು?”

ಹೇಳುವುದಾದರೆ ಅದೇ ಹೊತ್ತು. ಕೈಗೆ ಕೈ ಸಿಕ್ಕಿತ್ತು, ಹುಡುಗಿ ಎದುರಿಗೇ ನಿಂತಿದ್ದಳು. ಸೂಜಿಯಕ್ಕನ ಬಾಯಿಂದ ಹೊರಟದ್ದು “ಹುಷಾರಮ್ಮ” ಎನ್ನುವ ಒಂದು ಪದ. ಹೊಗಳಿಕೆಯನ್ನು ನುಂಗಿದಳು.

ಬೆಳಗ್ಗೆ ಕತ್ತರಿ ಹಿಡಿದು ದೋಣಿಕಟ್ಟೆಗೆ ಓಡಿದಳು. ಮೊಮ್ಮಗಳಿಗೆ ಜಾಕೆಟ್ಟು ತೊಡಿಸುತ್ತಿದ್ದರು. ಅದನ್ನು ಕಿತ್ತುಕೊಂಡು, ತಾನೇ ಹಾಕಿದ ಹೊಲಿಗೆಯನ್ನು ಪರಪರನೆ ಬಿಚ್ಚಿದಳು. ಹಾಸಿಗೆಯ ಹೂವಿನ ಬಟ್ಟೆಯ ಚೂರು ಇನ್ನೂ ಅಂಟಿಕೊಂಡಿದ್ದ ಹಳದಿ ಸ್ಪಂಜು ಹೊರಗೆ ಬಂತು.

“ಅಮ್ಮ, ಇದು ತೇಲಲ್ಲ. ನಾನೇ ತುಂಬಿದ್ದು. ನಿನ್ನೆ ನಿಮ್ಮನ್ನ ಉಳಿಸಿದ್ದು ನನ್ನ ಮೈದುನ, ಜಾಕೆಟ್ಟಲ್ಲ.”

ಧಣಿ ಕೂಡಲೇ ಕೈ ತೊಳೆದುಕೊಂಡ. “ಕೇಳಿದ್ರಲ್ಲ, ಇವಳೇ ತುಂಬಿದ್ದಂತೆ! ಹೊಲಿಗೆ ವಿಷಯ ನನಗೇನ್ರೀ ಗೊತ್ತು?”

ಅಜ್ಜಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ‘ನೀವು’ ಅಂದಿದ್ದ ಬಾಯಿ ಈಗ ಏಕವಚನಕ್ಕೆ ಇಳಿಯಿತು.

“ನಿನ್ನೆ ನಿನ್ನ ಕೈ ಹಿಡ್ಕೊಂಡಿದ್ದೆನಲ್ಲೇ. ಆಗ ಯಾಕೆ ಹೇಳಲಿಲ್ಲ?”

ಸೂಜಿಯಕ್ಕ ಮುಂದಿನ ಜಾಕೆಟ್ಟಿಗೆ ಕತ್ತರಿ ಹಾಕಿದಳು. ಮೈದುನ ಎಂಜಿನ್ ಆರಿಸಿ ಕೆಳಗಿಳಿದ. ಅತ್ತಿಗೆಯ ಮುಖ ನೋಡದೆ ನಡೆದುಹೋದ.

ಆ ದಡದಲ್ಲಿದ್ದ ಜಾಕೆಟ್ಟುಗಳನ್ನೆಲ್ಲ ಅವಳು ಬಿಚ್ಚಿದಳು. ಆದರೆ ಒಂದು ಕಟ್ಟು ಅಷ್ಟರಲ್ಲೇ ಮಾರಾಟವಾಗಿತ್ತು. ಯಾರಿಗೆ ಅಂತ ಧಣಿ ಬಾಯಿ ಬಿಡಲಿಲ್ಲ. ಈಗ ಅವಳು ದ್ವೀಪದ ಬೇರೆ ಬೇರೆ ದಡಗಳಿಗೆ ನಡೆದುಹೋಗುತ್ತಾಳೆ. ಸಾಲಿನಲ್ಲಿ ನಿಂತವರ ಹತ್ತಿರ, “ಒಂದ್ನಿಮಿಷ, ನಿಮ್ಮ ಜಾಕೆಟ್ ಅದುಮಿ ನೋಡ್ತೀನಿ” ಅಂತ ಗೋಗರೆಯುತ್ತಾಳೆ. ಭಿಕ್ಷೆಯವಳಿರಬೇಕು ಅಂತ ಕೆಲವರು ಚಿಲ್ಲರೆ ತಡಕುತ್ತಾರೆ. ಹಲವರು “ಮೈ ಮುಟ್ಟಬೇಡಮ್ಮ” ಅಂತ ಸರಿದು ನಿಲ್ಲುತ್ತಾರೆ. ಬೋಟು ಹೊರಡುತ್ತದೆ. ಅದು ವಾಪಸು ಬಂದು, ಹೋದವರೆಲ್ಲ ಇಳಿಯುವ ತನಕ ಅವಳು ಮರಳಿನ ಮೇಲೆ ನಿಂತೇ ಇರುತ್ತಾಳೆ.

ಅವಳನ್ನು ಕ್ಷಮಿಸಿ ಎಂದು ನಾನು ಕೇಳುತ್ತಿಲ್ಲ. ಅದನ್ನು ಅವಳೇ ಕೇಳಿಲ್ಲ. ಮರುಕವನ್ನೂ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮುಂದಿನ ರಜೆಯಲ್ಲಿ ಯಾರಾದರೂ ನಿಮ್ಮ ಕೈಗೆ ಜಾಕೆಟ್ಟು ಕೊಟ್ಟರೆ, ತೊಡುವ ಮೊದಲು ಅದನ್ನು ನೀರಿನಲ್ಲಿ ಅದುಮಿ ಹಿಡಿಯಿರಿ, ಎತ್ತಿ ಹಿಂಡಿ. ಒಳಗಿನಿಂದ ದಳದಳ ನೀರು ಸುರಿದರೆ ಬೋಟು ಹತ್ತಬೇಡಿ. ಆಗಲೇ ಹತ್ತಿ ಕೂತವರನ್ನೂ ಕೈ ಹಿಡಿದು ಇಳಿಸಿ.