ಬಾಗಿಲಲ್ಲಿ ಸಿಕ್ಕಿಕೊಂಡ ಬೀರು

ನಮ್ಮ ಬೀದಿಯ ಛತ್ರಿ ರಿಪೇರಿಯವನನ್ನು ಎಲ್ಲರೂ ಛತ್ರಿ ಮಾವ ಎನ್ನುತ್ತಿದ್ದರು. ಹೆಸರಿಗಷ್ಟೇ ಛತ್ರಿ, ಆಸಾಮಿ ಪರಮ ಸಾಧು. ಊರಿನವರ ತಲೆಗಳಿಗೆಲ್ಲ ಸೂರು ಹೊಲಿದುಕೊಟ್ಟು, ತಾನು ಮಾತ್ರ ಬಸ್ ನಿಲ್ದಾಣದ ಮೂಲೆಯಲ್ಲಿ ಮಲಗುತ್ತಿದ್ದ. ಬೆಳಗ್ಗೆ ಪೊಲೀಸಿನವ ಕೋಲಿನಿಂದ ಕಂಬಿಗೆ ಟಕಟಕ ಬಡಿದರೆ ಸಾಕು, ಗಂಟು ಹೆಗಲೇರಿ ಕಾಲು ಓಡುತ್ತಿತ್ತು. ಕಣ್ಣು ತೆರೆಯುತ್ತಿದ್ದುದು ಮುಂದಿನ ತಿರುವಿನಲ್ಲಿ.

ಆಮೇಲೆ ನಗರಸಭೆ ದುಡ್ಡು ಕೊಟ್ಟು, ಬೀದಿಯಲ್ಲಿ ಮಲಗುವವರಿಗೆಂದು ಹಳೆಯ ಲಾಡ್ಜೊಂದರ ಕೋಣೆಗಳನ್ನು ಹಂಚಿತು. ನೋಡಿಕೊಳ್ಳಲು ಒಬ್ಬ ಅಕ್ಕ. ಮಾತ್ರೆ ನುಂಗಿಸುವುದು, ಕೆಲಸ ಹುಡುಕಿಕೊಡುವುದು, ಜಗಳ ಬಿಡಿಸುವುದು ಎಲ್ಲ ಅವಳ ಪಾಲು. ಮಾವನಿಗೂ ಮಹಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಅಲ್ಲಿನವರೆಲ್ಲ ಗಂಟು ಬಿಚ್ಚದೆ ಅದನ್ನೇ ತಲೆದಿಂಬು ಮಾಡಿಕೊಂಡಿದ್ದರೆ, ಮಾವನೊಬ್ಬ ಗುಜರಿಯಿಂದ ಕಬ್ಬಿಣದ ಬೀರು ತಂದ. ನಾಲ್ವರು ಅದನ್ನು ಅಡ್ಡ ಮಲಗಿಸಿ, ಬೈದುಕೊಳ್ಳುತ್ತಾ ಒಳಗೆ ತುರುಕಿದರು.

"ಇರೋದೊಂದು ಅಂಗಿ. ಅದಕ್ಕೆ ಬೀರು ಬೇರೆ ಕೇಡು," ಎಂದಳು ಪಕ್ಕದ ಕೋಣೆಯ ಅಜ್ಜಿ.

"ಅಂಗಿಗೂ ಒಂದು ಮನೆ ಬೇಡ್ವಾ ಅಜ್ಜಿ?"

ವರ್ಷ ತಿರುಗಿತು. ಮುಂದಕ್ಕೂ ದುಡ್ಡು ಕೊಡಬೇಕೋ, ಮನೆಗೆ ಬೀಗ ಜಡಿಯಬೇಕೋ ಎಂದು ನೋಡಲು ನಗರಸಭೆಯ ಸಮಿತಿ ಹೊರಟಿತು. "ಎಲ್ರೂ ನಿಮ್ಮ ನಿಮ್ಮ ಕೋಣೇಲಿ ಇರಿ. ಇದ್ರೆ ಸಾಕು, ಬೇರೇನೂ ಮಾಡ್ಬೇಡಿ," ಎಂದು ಅಕ್ಕ ಬಾಯಿ ನೋಯುವಷ್ಟು ಹೇಳಿದ್ದಳು.

ಸಮಿತಿಯ ಅಧ್ಯಕ್ಷರ ಕಾಲು ಉಳುಕಿತ್ತು. ಊರುಗೋಲು ಹಿಡಿದು ಬಂದವರು ಅದರಿಂದಲೇ ಗೇಟಿನ ಕಂಬಿಗೆ ಟಕಟಕ ಬಡಿದರು.

ಅಷ್ಟೇ. ಅಕ್ಕ ಗೇಟು ತೆರೆಯುವಷ್ಟರಲ್ಲಿ ಇಡೀ ಮನೆ ಗಂಟುಸಮೇತ ಹಿಂಬಾಗಿಲಿನಿಂದ ಖಾಲಿ. ಅಜ್ಜಿಯಂತೂ ಎದುರು ಫುಟ್‌ಪಾತಿನಲ್ಲಿ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಆಕಾಶ ನೋಡುತ್ತಾ ನಿಂತಿದ್ದಳು.

ಅಧ್ಯಕ್ಷರು ಕೋಣೆ ಕೋಣೆ ಇಣುಕಿದರು. "ಏನಮ್ಮಾ, ಒಂದು ನರಪಿಳ್ಳೆ ಇಲ್ಲ. ಗೋಡೆಗಳಿಗೆ ದುಡ್ಡು ಕೊಡ್ತಾ ಇದ್ದೀವಾ ನಾವು?"

ಅಷ್ಟರಲ್ಲಿ ಮಹಡಿಯಿಂದ ಕಿರ್ರ್ ಎಂದು ಸದ್ದು. ಹತ್ತಿ ನೋಡಿದರೆ ಮಾವನ ಬೀರು ಬಾಗಿಲಿನಲ್ಲಿ ಓರೆಯಾಗಿ ಸಿಕ್ಕಿಕೊಂಡಿದೆ. ಅದರ ಹಿಂದೆ ಏದುಸಿರು.

"ಯಾರ್ರೀ ಒಳಗೆ?" ಎಂದರು ಅಧ್ಯಕ್ಷರು.

"ಹೋಗ್ತಾ ಇದ್ದೀನಿ ಸ್ವಾಮಿ. ಇದೊಂದು ಈಚೆ ಬಂದ್ರೆ ಹೊರಟೆ."

"ಎಲ್ಲಿಗೆ?"

"ಅದನ್ನ ನೀವೇ ಹೇಳ್ಬೇಕು. ಏಳು, ಆಚೆ ಹೋಗು ಅಂತೀರಿ. ಆಚೆ ಅಂದ್ರೆ ಎಲ್ಲಿ ಅಂತ ಇವತ್ತಿನವರೆಗೂ ಯಾರೂ ಹೇಳಿಲ್ಲ."

"ಎಬ್ಬಿಸೋಕೆ ಬಂದಿಲ್ಲ ಮಾರಾಯ. ನೀವು ಇದ್ದೀರಾ ಅಂತ ನೋಡೋಕೆ ಬಂದಿರೋದು."

"ಮತ್ತೆ ಕೋಲು?"

"ಅದು ನನ್ನ ಕಾಲಿಗೆ."

ಬೀರಿನ ಸಂದಿಯಿಂದ ಒಂದು ಕಣ್ಣು ಇಣುಕಿ ಕಾಲನ್ನೂ ಕೋಲನ್ನೂ ನೋಡಿತು. "ಹಾಗಿದ್ರೆ ಆ ಕಡೆಯಿಂದ ಒಂಚೂರು ಒಳಕ್ಕೆ ತಳ್ತೀರಾ?"

ಅಧ್ಯಕ್ಷರು ಕೋಲನ್ನು ಗೋಡೆಗೊರಗಿಸಿ, ಒಂಟಿಗಾಲಿನಲ್ಲಿ ನಿಂತು ತಳ್ಳಿದರು. ಸಮಿತಿ ಅವರನ್ನು ತಳ್ಳಿತು. ಬೀರು ಒಳಗೆ ಹೋಯಿತು. "ಇರೋ ಮನೆ ಅಲ್ದಿದ್ರೆ ಯಾರಯ್ಯಾ ಇಂಥದ್ದನ್ನ ತಂದಿಡ್ತಾರೆ?" ಎಂದು ಅಧ್ಯಕ್ಷರು ಬೆವರು ಒರೆಸಿಕೊಂಡರು. ದುಡ್ಡು ಮುಂದುವರಿಯಿತು. ಕಿಟಕಿಯಲ್ಲಿ ಮಾವನ ತಲೆ ಕಂಡ ಅಜ್ಜಿ ಗಂಟು ಹೊತ್ತು ಮೆಲ್ಲಗೆ ವಾಪಸ್ಸು ಬಂದಳು. ಅವಳ ಹಿಂದೆ ಉಳಿದವರೂ ಬಂದರು.

ಈಗ ಪೀಕಲಾಟ ಗುಜರಿಯವನಿಗೆ. ಆ ಮನೆಯವರು ಒಬ್ಬೊಬ್ಬರೇ ಬಂದು ಸಾಮಾನುಗಳನ್ನೆಲ್ಲ ಎತ್ತಿ ನೋಡುತ್ತಾರೆ. ಸುಲಭವಾಗಿ ಎತ್ತಲಾದರೆ ಬೇಡ ಎನ್ನುತ್ತಾರೆ.